ಕಲ್ನಾರಿನ ಧೂಳು, ನಲವತ್ತು ವರ್ಷದ ಕಾಗದ

ಊರಲ್ಲಿ ನಾವು ‘ಸಿಮೆಂಟ್ ಶೀಟು’ ಎನ್ನುವ ಮಾಡಿನ ಹಾಳೆಗಳಲ್ಲಿ ಹೆಚ್ಚಿನವು ಸಿಮೆಂಟಿಗೆ ಆಸ್ಬೆಸ್ಟಾಸ್ ಬೆರೆಸಿ ಮಾಡಿದವು. ಕನ್ನಡದಲ್ಲಿ ಅದರ ಹೆಸರು ಕಲ್ನಾರು. ಮೆಕ್ಯಾನಿಕಲ್ ಡಿಪ್ಲೊಮಾ ಓದುವಾಗ ನನಗೆ ಇದರ ಪರಿಚಯವಾದದ್ದು ಶಾಖ ತಡೆಯುವ ವಸ್ತುವಾಗಿ. ಬಾಯ್ಲರಿನ ಹೊದಿಕೆ, ಗ್ಯಾಸ್ಕೆಟ್, ಬ್ರೇಕ್ ಲೈನಿಂಗ್ ಎಲ್ಲದಕ್ಕೂ ಅದೇ. ಅದನ್ನು ಕೊಯ್ಯುವವನ ಶ್ವಾಸಕೋಶಕ್ಕೆ ಏನಾಗುತ್ತದೆ ಎಂಬ ಪಾಠ ಮಾತ್ರ ಇರಲಿಲ್ಲ. ಆ ಪಾಠಕ್ಕೆ ನೂರು ವರ್ಷದ ಇತಿಹಾಸವಿದೆ.

ಇಂಗ್ಲೆಂಡಿನ ರೋಚ್‌ಡೇಲಿನಲ್ಲಿ ನೆಲ್ಲಿ ಕರ್ಶಾ ಎಂಬ ಹೆಂಗಸು ಟರ್ನರ್ ಬ್ರದರ್ಸ್ ಕಂಪನಿಯಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದಳು. 1922ರಲ್ಲಿ ಉಸಿರಾಟದ ತೊಂದರೆಯಿಂದ ಕೆಲಸ ಬಿಡಬೇಕಾಯಿತು. ಕಲ್ನಾರಿನಿಂದ ಬಂದ ಕಾಯಿಲೆಯೆಂದು ಡಾಕ್ಟರು ಬರೆದುಕೊಟ್ಟರು. ಕೆಲಸದಿಂದ ಬಂದದ್ದು, ನಮಗೆ ಸಂಬಂಧವಿಲ್ಲ ಎಂದರು ಆರೋಗ್ಯ ವಿಮೆಯವರು. ಕಲ್ನಾರು ವಿಷವೇ ಅಲ್ಲ ಎಂದು ಕಂಪನಿಯೂ ಕೈತೊಳೆದುಕೊಂಡಿತು. 1924ರಲ್ಲಿ, 33ನೇ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಡಾ. ಕುಕ್ ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿದಾಗ ಒಳಗೆ ಖನಿಜದ ಚೂರುಗಳು ಕಂಡವು. 1930ರಲ್ಲಿ ಮೆರೆವೆದರ್ ಮತ್ತು ಪ್ರೈಸ್ ಸರಕಾರಕ್ಕೆ ವರದಿ ಕೊಟ್ಟರು. ಪರೀಕ್ಷೆಗೊಳಗಾದ 363 ಕೆಲಸಗಾರರಲ್ಲಿ 95 ಮಂದಿಯ ಶ್ವಾಸಕೋಶ ಗಡುಸಾಗಿತ್ತು. 1931ರಲ್ಲಿ ಧೂಳು ತಡೆಯುವ ನಿಯಮಗಳು ಬಂದವು.

ಈ ನಾರು ಕೂದಲಿಗಿಂತ ಎಷ್ಟೋ ಸಪೂರ. ಶ್ವಾಸಕೋಶದ ತಳ ಸೇರಿದರೆ ದೇಹ ಅದನ್ನು ಕರಗಿಸಲಾರದು. ಸುತ್ತಲೂ ಗಾಯದ ಕಲೆ ಕಟ್ಟುತ್ತದೆ. ಕೆಲವರಿಗೆ ಕ್ಯಾನ್ಸರ್ ಆಗುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಹೆಚ್ಚು. ಕಾಯಿಲೆ ತಲೆಯೆತ್ತುವುದು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಕಂಪನಿ ಮುಚ್ಚಿರಬಹುದು, ಹಾಜರಿ ಪುಸ್ತಕ ಗೆದ್ದಲು ತಿಂದಿರಬಹುದು. ‘ಇವನು ನಮ್ಮಲ್ಲಿ ದುಡಿದೇ ಇಲ್ಲ’ ಎಂದುಬಿಟ್ಟರೆ ಮುಗಿಯಿತು.

ನಮ್ಮ ಸುಪ್ರೀಂ ಕೋರ್ಟು ಹಿಡಿದದ್ದು ಈ ಗಂಟನ್ನೇ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ 1986ರಲ್ಲಿ ಹೂಡಿದ ಅರ್ಜಿಗೆ 1995ರ ಜನವರಿಯಲ್ಲಿ ತೀರ್ಪು ಬಂತು. ಕೆಲಸದಲ್ಲಿರುವಾಗಲೂ ನಿವೃತ್ತಿಯ ನಂತರವೂ ಕೆಲಸಗಾರನ ಆರೋಗ್ಯ ಮೂಲಭೂತ ಹಕ್ಕು ಎಂದಿತು ಕೋರ್ಟು. ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದಿತು. ಗುಜರಾತಿನ ಕೆಲಸಗಾರರಲ್ಲಿ ರೋಗ ಖಚಿತವಾದವರಿಗೆ ತಲಾ 1 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು.

ನನ್ನ ಉಪ್ಪ ಅಂಗಡಿಯವರು. ಕಡದ ಪುಸ್ತಕದಲ್ಲಿ ಬರೆಯದ ಸಾಲ ವಸೂಲಾಗುವುದಿಲ್ಲ ಎಂಬುದು ಅಂಗಡಿಯವರ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಎಂಡೋಸಲ್ಫಾನ್ ಪಟ್ಟಿಗೆ ಮಕ್ಕಳ ಹೆಸರು ಸೇರಿಸಲು ಕಾಸರಗೋಡಿನ ತಾಯಂದಿರು ಪಟ್ಟ ಪಾಡನ್ನೂ ನಾವು ಕಂಡಿದ್ದೇವೆ. ಕಲ್ನಾರಿಗೂ ಅದೇ ಲೆಕ್ಕ.

ನಮ್ಮವರಲ್ಲಿ ಹಡಗಿನ ಎಂಜಿನ್ ರೂಮಿನಲ್ಲಿ, ಗಲ್ಫಿನ ಪೈಪ್ ಇನ್ಸುಲೇಶನ್ನಿನಲ್ಲಿ, ಗ್ಯಾರೇಜಿನ ಬ್ರೇಕ್ ಕೆಲಸದಲ್ಲಿ, ಹಳೆ ಕಟ್ಟಡ ಕೆಡಹುವಲ್ಲಿ ದುಡಿದವರಿದ್ದಾರೆ. ಅಂಥ ಮನೆಯವರು ಹಳೆ ಪಾಸ್‌ಪೋರ್ಟು, ವೀಸಾ ಪುಟ, ಲೇಬರ್ ಕಾರ್ಡು, ಸಂಬಳದ ಚೀಟಿ ಯಾವುದನ್ನೂ ಗುಜರಿಗೆ ಹಾಕಬೇಡಿ. ಯಾವ ಕಂಪನಿ, ಯಾವ ಇಸವಿ, ಯಾವ ಕೆಲಸ, ಜೊತೆಗೆ ಯಾರಿದ್ದರು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಬಿಡದ ಕೆಮ್ಮು, ದಮ್ಮು ಎಂದು ಡಾಕ್ಟರ ಬಳಿ ಹೋದಾಗ ಹಿಂದೆ ಮಾಡಿದ ಕೆಲಸವನ್ನೂ ಹೇಳಿ.

ಮಾಡಿನ ಮೇಲೆ ಗಟ್ಟಿಯಾಗಿರುವ ಶೀಟಿಗೆ ಹೆದರಬೇಕಾಗಿಲ್ಲ. ಅಪಾಯವಿರುವುದು ಅದನ್ನು ಕೊಯ್ಯುವಾಗ, ತೂತು ಕೊರೆಯುವಾಗ, ಒಡೆಯುವಾಗ ಏಳುವ ಧೂಳಿನಲ್ಲಿ. ಶೀಟು ತೆಗೆಸುವುದಾದರೆ ನೀರು ಹಾಕಿ ಒದ್ದೆ ಮಾಡಿಸಿ, ಒಡೆಯದಂತೆ ಇಳಿಸಿ, ಮಕ್ಕಳನ್ನು ದೂರವಿಡಿ. ಕೆಲಸದವರಿಗೆ ಸರಿಯಾದ ಮಾಸ್ಕ್ ಕೊಡಿಸಿ. ಬಾಯಿಗೆ ಕಟ್ಟುವ ತುಂಡು ಬಟ್ಟೆ ಈ ನಾರನ್ನು ತಡೆಯುವುದಿಲ್ಲ.