ಟಿಬಿ: ಕೆಮ್ಮು ನಿಂತ ಮೇಲೆ ಶುರುವಾಗುವ ಕಷ್ಟದ ದಿನಗಳು

ಟಿಬಿ ಚಿಕಿತ್ಸೆ ಶುರುವಾದ ಕೆಲವೇ ವಾರಗಳಲ್ಲಿ ಜ್ವರ ಇಳಿಯುತ್ತದೆ, ಕೆಮ್ಮು ಕಡಿಮೆಯಾಗುತ್ತದೆ, ಹಸಿವು ಮರಳುತ್ತದೆ. ಮಾತ್ರೆ ಮಾತ್ರ ಇನ್ನೂ ನಾಲ್ಕೈದು ತಿಂಗಳು ಬಾಕಿ ಇರುತ್ತದೆ. ಕಾಯಿಲೆ ಕಣ್ಣಿಗೆ ಕಾಣಿಸದೆ, ಔಷಧಿಯ ಸಂಕಟ ಮಾತ್ರ ಕಾಣಿಸುವ ತಿಂಗಳುಗಳಿವು. ‘ಆರಾಮಾಗಿದೀನಲ್ಲ, ಇನ್ನೂ ಯಾಕೆ ಈ ಮಾತ್ರೆ?’ ಅನ್ನೋ ಪ್ರಶ್ನೆ ಹುಟ್ಟೋದು ಆಗಲೇ.

ಅರ್ಧಕ್ಕೆ ಬಿಟ್ಟರೆ ‘ಬೇಜವಾಬ್ದಾರಿ ರೋಗಿ’ ಅಂತ ಹಣೆಪಟ್ಟಿ ಹಚ್ಚೋದು ಸುಲಭ. ಆದರೆ ಆರು ತಿಂಗಳ ಚಿಕಿತ್ಸೆ ಮುಗಿಸೋಕೆ ಮನಸ್ಸಿನ ಗಟ್ಟಿತನ ಒಂದೇ ಸಾಲದು. ತಟ್ಟೆಯಲ್ಲಿ ಊಟ, ಕೈಯಲ್ಲಿ ಕೂಲಿ, ಮನೆಯಲ್ಲಿ ಆಸರೆ, ಆಸ್ಪತ್ರೆಯಲ್ಲಿ ಮಾತ್ರೆ ಎಲ್ಲವೂ ಜತೆಗಿರಬೇಕು. ಜಗತ್ತಿನ ಒಟ್ಟು ಟಿಬಿ ಪ್ರಕರಣಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲೇ ಇರುವುದರಿಂದ ಈ ವಿಷಯ ನಮ್ಮ ಯಾರ ಮನೆಯಿಂದಲೂ ದೂರವಿಲ್ಲ.

ಯಾಕೆ ಆರು ತಿಂಗಳು?

ರಾಬರ್ಟ್ ಕಾಕ್ ಟಿಬಿ ರೋಗಾಣುವನ್ನು ಗುರುತಿಸಿದ್ದನ್ನು ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಈ ಬ್ಯಾಕ್ಟೀರಿಯಾದ ಸ್ವಭಾವವೇ ನಿಧಾನ. ಸಾಮಾನ್ಯ ಬ್ಯಾಕ್ಟೀರಿಯಾಗಳು ಅನುಕೂಲವಿದ್ದರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಟಿಬಿಯದು ಎರಡಾಗೋಕೆ 15ರಿಂದ 20 ಗಂಟೆ ಬೇಕು. ಅದರ ಸುತ್ತ ಮೇಣದಂಥ ದಪ್ಪ ಕವಚ ಬೇರೆ. ಮೊದಲ ವಾರಗಳಲ್ಲಿ ಚುರುಕಾಗಿರುವ ರೋಗಾಣುಗಳು ಸಾಯುತ್ತವೆ, ಹಾಗಾಗಿ ನಮಗೆ ಹಾಯೆನಿಸುತ್ತದೆ. ಮಲಗಿದಂತೆ ಇರುವ ಕೆಲವು ಉಳಿದೇ ಇರುತ್ತವೆ. ಅವು ಒಂದೊಂದಾಗಿ ಎದ್ದಾಗ ಔಷಧಿ ಎದುರಿಗೆ ಸಿಗಬೇಕು.

ಮಾಮೂಲಿ ಟಿಬಿಗೆ ಮೊದಲ ಎರಡು ತಿಂಗಳು ನಾಲ್ಕು ಔಷಧಿ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಎಲ್ಲವನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿರುತ್ತಾರೆ. ಎಷ್ಟು ಮಾತ್ರೆ ಅನ್ನೋದು ತೂಕದ ಮೇಲೆ: ದೊಡ್ಡವರಲ್ಲಿ 35ರಿಂದ 49 ಕೆಜಿ ಇದ್ದರೆ ದಿನಕ್ಕೆ 3, 50ರಿಂದ 64 ಕೆಜಿ ಇದ್ದರೆ 4. ಚಿಕಿತ್ಸೆಯ ನಡುವೆ ತೂಕ ಏರಿದರೆ ಮಾತ್ರೆಯ ಸಂಖ್ಯೆಯೂ ಬದಲಾಗಬಹುದು. ಹಾಗಾಗಿ ತಿಂಗಳಿಗೊಮ್ಮೆ ತೂಕ ನೋಡಿಸಿಕೊಳ್ಳೋದು ಚಿಕಿತ್ಸೆಯ ಭಾಗವೇ.

ತಡೆದುಕೊಳ್ಳಬಹುದಾದ್ದು, ತಡೆದುಕೊಳ್ಳಬಾರದ್ದು

ಮಾತ್ರೆ ಕೊಡುವಾಗಲೇ ಹೇಳಬೇಕಾದ, ಎಷ್ಟೋ ಸಲ ಗಡಿಬಿಡಿಯಲ್ಲಿ ಉಳಿದುಹೋಗುವ ಮಾಹಿತಿ ಇದು.

ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ರಿಫಾಂಪಿಸಿನ್ ಕೆಲಸ, ಅದರಿಂದ ಅಪಾಯವಿಲ್ಲ. ರಕ್ತ ಅಂದುಕೊಂಡು ಹೆದರಿ ಮಾತ್ರೆ ಬಿಡಬೇಡಿ. ವಾಕರಿಕೆ, ಹೊಟ್ಟೆ ತೊಳಸುವುದು ಮೊದಲ ವಾರಗಳಲ್ಲಿ ತೀರಾ ಸಾಮಾನ್ಯ. ಖಾಲಿ ಹೊಟ್ಟೆಯಲ್ಲಿ ಆಗದಿದ್ದರೆ ಎರಡು ಇಡ್ಲಿಯೋ, ಸ್ವಲ್ಪ ಗಂಜಿಯೋ ತಿಂದು ತೆಗೆದುಕೊಳ್ಳಬಹುದೇ ಅಂತ ವೈದ್ಯರನ್ನು ಕೇಳಿ. ಗ್ಯಾಸ್ಟ್ರಿಕ್‌ಗೆ ಆಂಟಾಸಿಡ್ ಕುಡಿಯುವುದಾದರೆ ಟಿಬಿ ಮಾತ್ರೆಗೂ ಅದಕ್ಕೂ ನಡುವೆ ಎರಡು ಗಂಟೆಯಾದರೂ ಅಂತರ ಇರಲಿ, ಇಲ್ಲದಿದ್ದರೆ ಔಷಧಿ ಮೈಗೆ ಸರಿಯಾಗಿ ಹತ್ತೋದಿಲ್ಲ.

ಕೀಲು ನೋವು ಹೆಚ್ಚಾಗಿ ಪೈರಾಜಿನಮೈಡ್‌ನಿಂದ. ಅಂಗಾಲು ಉರಿ, ಕೈಕಾಲು ಜುಮ್ಮೆನ್ನುವುದು ಐಸೋನಿಯಾಜಿಡ್‌ನಿಂದ. ಇದನ್ನು ತಡೆಯೋಕೆ ಬಿ6 ವಿಟಮಿನ್ ಮಾತ್ರೆ ಕೊಡುತ್ತಾರೆ. ಇಂಥವನ್ನು ಮುಂದಿನ ಭೇಟಿಯಲ್ಲಿ ಮರೆಯದೆ ಹೇಳಿ, ಪರಿಹಾರ ಇದೆ.

ತಡೆದುಕೊಂಡು ಕೂರಬಾರದ ಲಕ್ಷಣಗಳೂ ಇವೆ. ಕಣ್ಣು, ಚರ್ಮ ಹಳದಿಯಾಗುವುದು, ಏನು ತಿಂದರೂ ನಿಲ್ಲದ ವಾಂತಿ, ಬಲಗಡೆ ಪಕ್ಕೆಯ ಕೆಳಗೆ ನೋವು ಇದ್ದರೆ ಲಿವರ್‌ಗೆ ಪೆಟ್ಟು ಬಿದ್ದಿರಬಹುದು. ನೋಟ ಮಂಜಾಗುವುದು, ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯದಿರುವುದು ಎಥಾಂಬುಟಾಲ್ ಕಣ್ಣಿನ ನರಕ್ಕೆ ತೊಂದರೆ ಕೊಡುತ್ತಿರುವ ಸೂಚನೆ. ಮೈಯೆಲ್ಲ ಗುಳ್ಳೆ ಎದ್ದು ಬಾಯಿ ಹುಣ್ಣು, ಜ್ವರ ಬಂದರೂ ಅಷ್ಟೇ ಗಂಭೀರ. ಈ ಮೂರರಲ್ಲಿ ಯಾವುದೇ ಆದರೂ ಮುಂದಿನ ಡೋಸ್ ತಡೆಹಿಡಿದು ಅಂದೇ ಆಸ್ಪತ್ರೆಗೆ ಹೋಗಬೇಕು. ಕಾಮಾಲೆಗೆ ನಾಟಿ ಔಷಧಿ ಹುಡುಕಿಕೊಂಡು ಹೋಗೋದು ಇಲ್ಲಿ ಜೀವಕ್ಕೇ ಅಪಾಯ. ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಲಿವರ್ ಸುಧಾರಿಸಿದ ಮೇಲೆ ಔಷಧಿಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡುತ್ತಾರೆ. ಮದ್ಯ ಕುಡಿಯುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಇನ್ನೊಂದು ಮುಖ್ಯ ಮಾತು: ರಿಫಾಂಪಿಸಿನ್ ಬೇರೆ ಔಷಧಿಗಳ ಬಲ ಕುಗ್ಗಿಸುತ್ತದೆ. ಗರ್ಭನಿರೋಧಕ ಮಾತ್ರೆ ಕೆಲಸ ಮಾಡದೇ ಹೋಗಬಹುದು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್, ಸ್ಟೀರಾಯ್ಡ್‌ಗಳ ಡೋಸ್ ಬದಲಿಸಬೇಕಾಗಬಹುದು. ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಮೊದಲ ದಿನವೇ ತೋರಿಸಿ.

ಒಂದು ದಿನ ಮರೆತರೆ? ಅಂದೇ ನೆನಪಾದರೆ ತೆಗೆದುಕೊಳ್ಳಿ. ಮರುದಿನ ಸೇರಿಸಿ ಎರಡು ಪಟ್ಟು ನುಂಗಬೇಡಿ. ಮರೆತದ್ದನ್ನು ಮುಚ್ಚಿಡೋದೂ ಬೇಡ, ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ.

ಊಟವೂ ಔಷಧಿಯೇ

ಟಿಬಿ ಮತ್ತು ಹಸಿವಿನ ನಂಟಿನ ಬಗ್ಗೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ‘ರೇಷನ್ಸ್’ ಹೆಸರಿನ ಅಧ್ಯಯನದಿಂದ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ನೇತೃತ್ವದಲ್ಲಿ ಜಾರ್ಖಂಡ್‌ನಲ್ಲಿ ನಡೆದ ಈ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಪ್ರಕಟವಾಯಿತು. ರೋಗಿಗಳಿಗೆ ತಿಂಗಳಿಗೆ 10 ಕೆಜಿಯಷ್ಟು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಮತ್ತು ವಿಟಮಿನ್ ಮಾತ್ರೆ ಕೊಟ್ಟರು. ಮನೆಯವರಿಗೂ ಹೆಚ್ಚುವರಿ ರೇಷನ್ ಕೊಟ್ಟ ಕುಟುಂಬಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು ಶೇ 40ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವಿನ ಅಪಾಯವೂ ಗಣನೀಯವಾಗಿ ತಗ್ಗಿತು.

ಅಂದರೆ ದುಬಾರಿ ಪ್ರೋಟೀನ್ ಪುಡಿಯ ಡಬ್ಬ ಬೇಕೇ ಬೇಕು ಅಂತೇನಿಲ್ಲ. ರಾಗಿ ಮುದ್ದೆಗೆ ಗಟ್ಟಿ ಬೇಳೆ ಸಾರು, ಮೊಟ್ಟೆ, ಕಡಲೆಕಾಯಿ, ಹುರುಳಿ, ಮೀನು, ಮಾಂಸ, ಹಾಲು, ಇವುಗಳಲ್ಲಿ ಮನೆಗೆ ಒಗ್ಗುವುದನ್ನು ದಿನವೂ ತಿಂದರೆ ಸಾಕು. ಬಾಯಿ ರುಚಿ ಕೆಟ್ಟಿದ್ದರೆ ಒಂದೇ ಸಲ ತಟ್ಟೆ ತುಂಬ ಬಡಿಸದೆ, ಸ್ವಲ್ಪ ಸ್ವಲ್ಪವೇ ಐದಾರು ಸಲ ತಿನ್ನುವುದು ಒಳ್ಳೆಯದು. ಪಥ್ಯದ ಹೆಸರಲ್ಲಿ ಮೊಟ್ಟೆ, ಮಾಂಸ, ಮೊಸರು ಬಿಡಿಸುವ ಮನೆಗಳಿವೆ. ಟಿಬಿಗೆ ಅಂಥ ಪಥ್ಯ ಇಲ್ಲ.

ತಟ್ಟೆ ಲೋಟ ಬೇರೆ ಇಡಬೇಕಾ?

ಬೇಡ. ಟಿಬಿ ಹರಡೋದು ಗಾಳಿಯಲ್ಲಿ; ತಟ್ಟೆ, ಬಟ್ಟೆ, ಹಾಸಿಗೆಯಿಂದಲ್ಲ. ಔಷಧಿಗೆ ಬಗ್ಗುವ ಟಿಬಿಯಾದರೆ, ಸರಿಯಾಗಿ ಮಾತ್ರೆ ತೆಗೆದುಕೊಂಡ ಸುಮಾರು ಎರಡು ವಾರಗಳಲ್ಲಿ ಇನ್ನೊಬ್ಬರಿಗೆ ಅಂಟಿಸುವ ಸಾಧ್ಯತೆ ಬಹಳ ಇಳಿಯುತ್ತದೆ. ಅಲ್ಲಿಯವರೆಗೆ ಮಾಸ್ಕ್, ತೆರೆದ ಕಿಟಕಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಸಾಕು.

ಇದು ಹೊಸ ಅರಿವೇನೂ ಅಲ್ಲ. 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ಬಡ ರೋಗಿಗಳ ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದು ಗುಂಪಿಗೆ ಮನೆಯಲ್ಲೇ ಚಿಕಿತ್ಸೆ ಕೊಟ್ಟು ಹೋಲಿಸಿದರು. ಇಕ್ಕಟ್ಟಾದ ಮನೆಗಳಲ್ಲಿ ಇದ್ದವರೂ ಸ್ಯಾನಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾದರು, ಅವರ ಮನೆಯವರಿಗೆ ಹೆಚ್ಚಾಗಿ ರೋಗ ಹರಡಲೂ ಇಲ್ಲ. ಜಗತ್ತಿನಾದ್ಯಂತ ಸ್ಯಾನಟೋರಿಯಂಗಳ ಕಾಲ ಮುಗಿಯೋಕೆ ಈ ಅಧ್ಯಯನವೂ ಒಂದು ಕಾರಣ. ಅದಾಗಿ ಅರವತ್ತು ವರ್ಷ ದಾಟಿದರೂ ಸೊಸೆಗೆ ಟಿಬಿ ಅಂತ ತಿಳಿದ ಕೂಡಲೇ ತವರಿಗೆ ಕಳಿಸುವ ಮನೆಗಳು ಇನ್ನೂ ಇವೆ.

ಮನೆಯವರು ಮಾಡಬೇಕಾದ ಕೆಲಸ ಬೇರೆ ಇದೆ. ಜತೆಗಿರುವ ಎಲ್ಲರೂ ತಪಾಸಣೆ ಮಾಡಿಸಿಕೊಳ್ಳಬೇಕು. ರೋಗ ಇಲ್ಲ ಅಂತ ಖಚಿತವಾದವರಿಗೂ, ಮುಖ್ಯವಾಗಿ ಚಿಕ್ಕ ಮಕ್ಕಳಿಗೆ, ರೋಗ ಬಾರದಂತೆ ತಡೆಯುವ ಮಾತ್ರೆಗಳಿವೆ.

ಔಷಧಿಗೆ ಜಗ್ಗದ ಟಿಬಿ

ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಟಿಬಿಯನ್ನು ಎಂಡಿಆರ್ ಟಿಬಿ ಅನ್ನುತ್ತಾರೆ. ಇದಕ್ಕೆ ಹಿಂದೆ ಒಂದೂವರೆ ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಚಿಕಿತ್ಸೆ ಬೇಕಿತ್ತು, ತಿಂಗಳುಗಟ್ಟಲೆ ಚುಚ್ಚುಮದ್ದು. ಆ ಇಂಜೆಕ್ಷನ್‌ಗಳು ಎಷ್ಟೋ ಜನರ ಕಿವಿಯನ್ನೇ ಕಸಿದವು. ಹಾಗೆ ಕಿವಿ ಕಳೆದುಕೊಂಡ ಇಬ್ಬರು ಮಹಿಳೆಯರು, ಭಾರತದ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ, ಹೊಸ ಔಷಧಿ ಬೆಡಾಕ್ವಿಲಿನ್ ಮೇಲಿನ ಪೇಟೆಂಟ್ ವಿಸ್ತರಿಸುವ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಅರ್ಜಿಯನ್ನು ಭಾರತದಲ್ಲಿ ವಿರೋಧಿಸಿದರು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು. ಅಗ್ಗದ ಜೆನೆರಿಕ್ ಔಷಧಿಗೆ ಬಾಗಿಲು ತೆರೆಯಿತು.

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬೆಡಾಕ್ವಿಲಿನ್, ಪ್ರಿಟೋಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ ಆರು ತಿಂಗಳ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಚುಚ್ಚುಮದ್ದು ಇಲ್ಲ. ಹಾಗಂತ ಸಲೀಸೂ ಅಲ್ಲ. ಲಿನೆಜೋಲಿಡ್‌ನಿಂದ ರಕ್ತಹೀನತೆ, ಪಾದಗಳ ನರಕ್ಕೆ ತೊಂದರೆ ಆಗಬಹುದು. ಬೆಡಾಕ್ವಿಲಿನ್ ಹೃದಯದ ಬಡಿತದ ಮೇಲೆ ಪರಿಣಾಮ ಬೀರುವುದರಿಂದ ಆಗಾಗ ಇಸಿಜಿ ತೆಗೆಯಬೇಕು. ಇಸಿಜಿ, ರಕ್ತಪರೀಕ್ಷೆ ತಪ್ಪಿಸಿಕೊಳ್ಳದಿರೋದು ಮಾತ್ರೆ ನುಂಗಿದಷ್ಟೇ ಮುಖ್ಯ.

ಕೂಲಿ ಬಿಟ್ಟು ಹೇಗೆ?

ಮಾತ್ರೆ ಉಚಿತ, ಆದರೆ ಕಾಯಿಲೆ ಉಚಿತ ಅಲ್ಲ. ಕೆಲಸಕ್ಕೆ ಹೋಗದ ದಿನಗಳು, ಬಸ್ ಚಾರ್ಜು, ಸ್ಕ್ಯಾನಿಂಗ್ ಖರ್ಚು ಸೇರಿ ಸಾಲ ಬೆಳೆಯುತ್ತದೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರಿಗೂ ಇದು ಅನ್ವಯ, ಹೆಸರು ನಿಕ್ಷಯ್‌ನಲ್ಲಿ ನೋಂದಣಿಯಾಗಿರಬೇಕು ಅಷ್ಟೇ. ಹಣ ಬರದಿದ್ದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ. 1800-11-6666 ಉಚಿತ ಸಹಾಯವಾಣಿಗೂ ಕರೆ ಮಾಡಬಹುದು.

ಗಾರ್ಮೆಂಟ್ಸ್, ಫ್ಯಾಕ್ಟರಿಗಳಲ್ಲಿ ಇಎಸ್‌ಐ ಇರುವ ಕೆಲಸಗಾರರಿಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಸೌಲಭ್ಯವೊಂದಿದೆ. ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಟಿಬಿಯೂ ಇದ್ದು, ನಿಯಮದಂತೆ ಅರ್ಹರಾದವರಿಗೆ ಕೂಲಿಯ ಶೇ 80ರಷ್ಟು ಹಣ ಎರಡು ವರ್ಷದವರೆಗೆ ಸಿಗಬಹುದು.

‘ಬಿಟ್ಟವರು’ ಯಾರು?

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯಲ್ಲಿ ಅಧ್ಯಯನ ಮಾಡಿದರು. ಹಳ್ಳಿ ಜನಕ್ಕೆ ಟಿಬಿಯ ಅರಿವಿಲ್ಲ, ತಾವಾಗಿ ಆಸ್ಪತ್ರೆಗೆ ಬರೋದಿಲ್ಲ ಅನ್ನೋದು ಆಗಿನ ನಂಬಿಕೆ. ಕಂಡದ್ದು ಬೇರೆಯೇ. ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ಲಕ್ಷಣಗಳ ಅರಿವಿತ್ತು, ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅವರನ್ನು ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸಲಾಗಿತ್ತು. ಜನ ಬಾಗಿಲಿಗೆ ಬಂದಿದ್ದರು, ವ್ಯವಸ್ಥೆಗೆ ಅವರು ಕಂಡಿರಲಿಲ್ಲ.

2024ರ ಮಾರ್ಚ್‌ನಲ್ಲಿ ಹಲವು ರಾಜ್ಯಗಳಲ್ಲಿ ಟಿಬಿ ಮಾತ್ರೆಗಳ ಕೊರತೆಯಾಗಿ, ಸ್ಥಳೀಯವಾಗಿ ಕೊಂಡುಕೊಳ್ಳಿ ಅಂತ ಕೇಂದ್ರ ಸರ್ಕಾರ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಒಂದು ಡೋಸೂ ತಪ್ಪಿಸಬೇಡಿ ಅಂತ ರೋಗಿಗೆ ಹೇಳುವ ವ್ಯವಸ್ಥೆಯೇ ಡೋಸ್ ತಪ್ಪಿಸಿದರೆ ಅದಕ್ಕೆ ಯಾವ ಹಣೆಪಟ್ಟಿ?

ಮುಗಿದ ಮೇಲೆ

ಎರಡು ತಿಂಗಳಿಗೆ ಒಮ್ಮೆ, ಚಿಕಿತ್ಸೆಯ ಕೊನೆಗೆ ಇನ್ನೊಮ್ಮೆ ಕಫ ಪರೀಕ್ಷೆ ಆಗಬೇಕು. ಗುಣವಾಗಿದೆ ಅಂತ ಬರೆದುಕೊಟ್ಟ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು. ಕೆಲವರಿಗೆ ಶ್ವಾಸಕೋಶದಲ್ಲಿ ಗಾಯದ ಕಲೆ ಉಳಿದು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಪದೇ ಪದೇ ಕಫ ಕಟ್ಟುತ್ತದೆ. ಇದೆಲ್ಲ ಟಿಬಿ ಮರುಕಳಿಸಿದೆ ಅಂತಲೇ ಅಲ್ಲ. ಆದರೆ ಕಫದಲ್ಲಿ ರಕ್ತ, ಸಂಜೆ ಜ್ವರ, ತೂಕ ಇಳಿಕೆ ಕಂಡರೆ ಕಾಯಬಾರದು. ಬೀಡಿ ಸಿಗರೇಟು ಬಿಡುವುದು, ಉಸಿರಾಟದ ವ್ಯಾಯಾಮ ಕಲಿಯುವುದು ಉಳಿದ ಶ್ವಾಸಕೋಶವನ್ನು ಕಾಪಾಡುವ ದಾರಿ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ‘ಮಾತ್ರೆ ತಗೊಂಡ್ಯಾ?’ ಅಂತ ಕೇಳುವ ಜತೆಗೆ ‘ಊಟ ಆಯ್ತಾ? ವಾಂತಿ ಆಯ್ತಾ? ನಾಳೆ ಆಸ್ಪತ್ರೆಗೆ ಯಾರು ಬರ್ತಾರೆ?’ ಅಂತಲೂ ಕೇಳಿ. ಮೂರನೇ ತಿಂಗಳಲ್ಲಿ ಕೆಮ್ಮು ನಿಂತಿರುವಾಗ ಆ ಪ್ರಶ್ನೆಗಳು ಇನ್ನೂ ಹೆಚ್ಚು ಬೇಕು.