ಎಣ್ಣೆ ಪೀಪಾಯಿ ಒಲೆಯಾದ ಬಗೆ

1655ರಲ್ಲಿ ಇಂಗ್ಲಿಷರು ಸ್ಪೇನಿನಿಂದ ಜಮೈಕಾ ದ್ವೀಪವನ್ನು ಕಸಿದುಕೊಂಡಾಗ, ಅಲ್ಲಿದ್ದ ಆಫ್ರಿಕನ್ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಬೆಟ್ಟ ಸೇರಿದರು. ಮುಂದೆ ಕಬ್ಬಿನ ತೋಟಗಳಿಂದ ಓಡಿಬಂದವರೂ ಅವರೊಡನೆ ಕೂಡಿಕೊಂಡರು. ಮರೂನರೆಂದು ಹೆಸರಾದ ಈ ಜನ ಕಾಡುಹಂದಿಯ ಮಾಂಸಕ್ಕೆ ಖಾರ ಮಸಾಲೆ ಹಚ್ಚಿ, ನೆಲದ ಹೊಂಡದಲ್ಲಿ ಕೆಂಡ ಮಾಡಿ, ಮೇಲೆ ಪಿಮೆಂಟೊ ಮರದ ಹಸಿ ಕೋಲುಗಳನ್ನು ಹಾಸಿ, ಹೊಗೆಯಲ್ಲಿ ನಿಧಾನವಾಗಿ ಬೇಯಿಸುತ್ತಿದ್ದರು. ಬೇಗ ಕೆಡದ ಮಾಂಸವೆಂದರೆ ಅಡಗಿ ಬದುಕುವವರಿಗೆ ನಾಳೆಯ ಊಟ. ಅವರನ್ನು ಸೋಲಿಸಲಾಗದೆ 1739ರಲ್ಲಿ ಇಂಗ್ಲಿಷರೇ ಒಪ್ಪಂದಕ್ಕೆ ಬಂದರು. ಈ ಅಡುಗೆಗೆ ಇಂದಿನ ಹೆಸರು ‘ಜರ್ಕ್’.

ಜರ್ಕ್ ಪೇಟೆಗೆ ಇಳಿದಾಗ ತೊಡಕೊಂದು ಎದುರಾಯಿತು: ರಸ್ತೆ ಬದಿಯಲ್ಲಿ ಹೊಂಡ ತೋಡುವುದೆಲ್ಲಿ? ಉತ್ತರ ಗುಜರಿಯಲ್ಲಿತ್ತು. 1905ರಲ್ಲಿ, ಪತ್ರಕರ್ತೆ ನೆಲ್ಲಿ ಬ್ಲೈ ನಡೆಸುತ್ತಿದ್ದ ಬ್ರೂಕ್ಲಿನ್‌ನ ಕಾರ್ಖಾನೆಯಲ್ಲಿ ಹೆನ್ರಿ ವೇರ್‌ಹಾನ್ ಎಂಬಾತ ಉಕ್ಕಿನ ಪೀಪಾಯಿ ರೂಪಿಸಿ ಪೇಟೆಂಟ್ ಪಡೆದಿದ್ದ. ಅದರ ಪೀಳಿಗೆಯ, ಸುಮಾರು 208 ಲೀಟರಿನ ಪೀಪಾಯಿಗಳು ಎಣ್ಣೆ ಹೊತ್ತು ಲೋಕದ ಬಂದರುಗಳನ್ನೆಲ್ಲ ತಲುಪಿದವು. ಎಣ್ಣೆ ಖಾಲಿಯಾದ ಮೇಲೆ ಅವು ಬಡವರ ಹಿತ್ತಲು ಸೇರಿದವು.

ಪೀಪಾಯಿಯನ್ನು ಉದ್ದಕ್ಕೆ ಸೀಳಿ, ಒಂದು ಹೋಳನ್ನು ಕೀಲಿನಿಂದ ಮುಚ್ಚಳವಾಗಿಸಿ, ಹಳೆಯ ಕಂಬಿಗಳನ್ನೇ ಕಾಲುಗಳಾಗಿ ಬೆಸೆದು, ನಡುವೆ ಜಾಲರಿ ಇಟ್ಟರೆ ಒಲೆ ಸಿದ್ಧ. ತಳದ ತೂತುಗಳು ಗಾಳಿಗೆ. ಆದರೆ ಮೊದಲ ಬೆಂಕಿ ಮಾಂಸಕ್ಕಲ್ಲ. ಒಳಗಿನ ಎಣ್ಣೆ, ಬಣ್ಣ ಸುಟ್ಟುಹೋಗುವವರೆಗೆ ಖಾಲಿ ಪೀಪಾಯಿಯನ್ನೇ ಉರಿಸಬೇಕು; ಇಲ್ಲವಾದರೆ ಹೊಗೆಯ ಜೊತೆ ವಿಷವೂ ಮಾಂಸಕ್ಕೆ ಹತ್ತುತ್ತದೆ. ವಿಷರಾಸಾಯನಿಕ ತುಂಬಿದ್ದ ಪೀಪಾಯಿಯಂತೂ ಎಷ್ಟು ಸುಟ್ಟರೂ ಅಡುಗೆಗೆ ಬಾರದು.

ಇಂದು ಕಿಂಗ್‌ಸ್ಟನ್‌ನ ಬೀದಿಗಳಲ್ಲಿ ಕೋಳಿ ಬೇಯುವುದು ಇಂಥ ಪೀಪಾಯಿಗಳಲ್ಲೇ. ಮುಚ್ಚಳ ಹಾಕಿದೊಡನೆ ಹೊಗೆ ಒಳಗೇ ಸುತ್ತುತ್ತದೆ, ಮರೂನರ ಹೊಂಡದಲ್ಲಿ ಸುತ್ತುತ್ತಿದ್ದಂತೆ.