ಮಾದರಿವೇಗವೂ ತಂಬೂರಿಯ ಶ್ರುತಿಯೂ

ವಿದ್ಯುದ್ವಾದ್ಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಾದವು ಉತ್ತರೋತ್ತರ ಶುದ್ಧವಾಗುತ್ತ ಬಂದ ಕ್ರಮವನ್ನು ವರ್ಣಿಸುತ್ತಾರೆ. ನಾದವನ್ನು ಬುದ್ಧಿಪೂರ್ವಕವಾಗಿ ಒರಟುಗೊಳಿಸುವ ಉಪಾಯವೊಂದೂ ಆ ಚರಿತ್ರೆಯಲ್ಲಿ ಉಂಟು. ಅದು ಮಾದರಿವೇಗವನ್ನು ತಗ್ಗಿಸುವ ಉಪಾಯ. ಅದು ಹುಟ್ಟಿಬಂದ ಬಗೆ ಯಾವುದು, ಶ್ರುತಿಯನ್ನೇ ತಳಹದಿಯಾಗಿ ಉಳ್ಳ ನಮ್ಮ ಸಂಗೀತಕ್ಕೆ ಅದರಿಂದ ಆಗುವ ಹಾನಿಲಾಭಗಳು ಯಾವುವು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿದ್ಯುತ್ತಾಗಿ ಪರಿವರ್ತಿತವಾದ ನಾದವು ಕ್ಷಣಕ್ಷಣಕ್ಕೂ ಏರಿಳಿಯುವ ಒಂದು ಅಖಂಡ ರೇಖೆ. ಆ ರೇಖೆಯ ಎತ್ತರವನ್ನು ಸಮಾನ ಕಾಲಾಂತರಗಳಲ್ಲಿ ಅಳೆದುಕೊಳ್ಳುವುದೇ ಮಾದರಿ ತೆಗೆಯುವುದು. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೇವೆಯೋ ಅದೇ ಮಾದರಿವೇಗ. ಈ ತತ್ತ್ವವು ಸಂಗೀತಶಾಲೆಯಲ್ಲಿ ಹುಟ್ಟಿದುದಲ್ಲ, ತಂತಿ ಮತ್ತು ದೂರವಾಣಿಗಳ ವ್ಯವಹಾರದಲ್ಲಿ ಹುಟ್ಟಿದುದು. 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ತಂತಿ ಸಂದೇಶಗಳ ವಿಷಯದಲ್ಲಿ ಮಾಡಿದ ಗಣನೆಯಿಂದಲೂ, 1933ರಲ್ಲಿ ರಷ್ಯದ ಕೊಟೆಲ್ನಿಕೋವ್ ಮತ್ತು 1949ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಪ್ರಕಟಿಸಿದ ಪ್ರಬಂಧಗಳಿಂದಲೂ ಒಂದು ನಿಯಮವು ಸ್ಥಾಪಿತವಾಯಿತು: ಸಂಜ್ಞೆಯಲ್ಲಿರುವ ಅತ್ಯುಚ್ಚ ಕಂಪನಸಂಖ್ಯೆಯ ಎರಡು ಪಟ್ಟನ್ನು ಮಾದರಿವೇಗವು ಮೀರಿರಬೇಕು; ಹಾಗಿದ್ದರೆ ಮೂಲವನ್ನು ಪೂರ್ಣವಾಗಿ ಮರಳಿ ಪಡೆಯಬಹುದು.

ವೇಗವು ಈ ಮಿತಿಗಿಂತ ಕಡಿಮೆಯಾದರೆ ಎತ್ತರದ ಸ್ವರಗಳು ಬರಿದೆ ನಷ್ಟವಾಗುವುದಿಲ್ಲ. ವೇಷ ಮರೆಸಿಕೊಂಡು ಕೆಳಗಿನ ಸ್ವರಗಳಾಗಿ ಕೇಳಿಬರುತ್ತವೆ. ಇವನ್ನು ಛದ್ಮಸ್ವರಗಳೆಂದು ಕರೆಯಬಹುದು. ಹೊಳಲಿನಿಂದ ಹಡಗಲಿಗೆ ಓಡುವ ಬಂಡಿಯೊಂದನ್ನು ಸೆಕೆಂಡಿಗೆ 24 ಚಿತ್ರಗಳಂತೆ ಚಲಚ್ಚಿತ್ರದಲ್ಲಿ ಹಿಡಿದೆವೆಂದು ಭಾವಿಸೋಣ. ಒಂದು ಚಿತ್ರದಿಂದ ಮತ್ತೊಂದಕ್ಕೆ ಗಾಲಿಯ ಪ್ರತಿಯೊಂದು ಅರವೂ ಮುಂದಿನ ಅರದ ಸ್ಥಾನಕ್ಕಿಂತ ತುಸು ಹಿಂದೆ ನಿಂತಿದ್ದರೆ, ಬಂಡಿ ಮುಂದೆ ಸಾಗುತ್ತಿರುವಾಗಲೂ ಗಾಲಿ ಹಿಂದಕ್ಕೆ ಉರುಳುವಂತೆ ಕಾಣುತ್ತದೆ. ಕಣ್ಣಿಗೆ ಅಲ್ಲಿ ಆದ ಭ್ರಮೆಯೇ ಕಿವಿಗೆ ಇಲ್ಲಿ ಛದ್ಮಸ್ವರವಾಗಿ ಒದಗುತ್ತದೆ.

ಈ ಕ್ರಿಯೆಗೆ ಗಣಕಯಂತ್ರವೇ ಬೇಕೆಂದಿಲ್ಲ. ಒಂದು ಸ್ವಿಚ್ಚು, ಒಂದು ಕೆಪಾಸಿಟರ್, ಸ್ವಿಚ್ಚನ್ನು ನಿಯತಕಾಲದಲ್ಲಿ ತೆರೆದು ಮುಚ್ಚುವ ಗಡಿಯಾರಮಂಡಲ, ಇಷ್ಟಿದ್ದರೆ ಸಾಕು. ಸ್ವಿಚ್ಚು ಮುಚ್ಚಿದಾಗ ಕೆಪಾಸಿಟರ್ ಆ ಕ್ಷಣದ ವೋಲ್ಟೇಜನ್ನು ಪಡೆಯುತ್ತದೆ. ತೆರೆದಾಗ ಅದನ್ನೇ ಹಿಡಿದಿರುತ್ತದೆ. ಅಖಂಡ ರೇಖೆಯು ಮೆಟ್ಟಿಲುಗಳಾಗುತ್ತದೆ. ಕಾಲವು ಇಲ್ಲಿ ಖಂಡಿತವಾದರೂ ಎತ್ತರವು ಅಂಕೆಗಳಿಗೆ ಕಟ್ಟುಬೀಳುವುದಿಲ್ಲ. 1971ರ ಎಆರ್‌ಪಿ 2600ರಂಥ ಸಿಂಥಸೈಜರುಗಳಲ್ಲಿ ಈ ಮಂಡಲವು ಮುಖ್ಯವಾಗಿ ಸ್ವರಸ್ಥಾನವನ್ನು ಮೆಟ್ಟಿಲಾಗಿ ಬದಲಿಸುವ ನಿಯಂತ್ರಣಕ್ಕೆ ಒದಗುತ್ತಿತ್ತು. ಇಂಥದೇ ಮಂಡಲದ ಮೂಲಕ ನಾದವನ್ನೇ ಹಾಯಿಸಿ, ಗಡಿಯಾರವನ್ನು ಶ್ರವಣಯೋಗ್ಯ ಕಂಪನಸಂಖ್ಯೆಗೆ ಏರಿಸಿದರೆ ನಮ್ಮ ಚರ್ಚೆಯ ಪರಿಣಾಮವು ಸಿದ್ಧಿಸುತ್ತದೆ.

1969ರಲ್ಲಿ ಫಿಲಿಪ್ಸ್ ಸಂಶೋಧನಾಲಯದ ಸ್ಯಾಂಗ್‌ಸ್ಟರ್ ಮತ್ತು ಟೀರ್ ಈ ತತ್ತ್ವವನ್ನು ವಿಸ್ತರಿಸಿದರು. ಬೆಂಕಿ ಆರಿಸಲು ಸಾಲಾಗಿ ನಿಂತವರು ನೀರಿನ ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುವಂತೆ, ಅವರ ಸಾಧನದಲ್ಲಿ ಒಂದು ಕೆಪಾಸಿಟರಿನ ವಿದ್ಯುತ್ ಪ್ರಮಾಣವು ಮುಂದಿನದಕ್ಕೆ ಸಾಗುತ್ತದೆ. ಇದರಿಂದ ನಾದವನ್ನು ತಡೆದು ಕೇಳಿಸುವ ಪ್ರತಿಧ್ವನಿಯಂತ್ರಗಳು ಬಂದವು. 4,096 ಹಂತಗಳ ಇಂಥ ಸಾಧನವು ಸೆಕೆಂಡಿಗೆ 10,000 ಗಡಿಯಾರಮಿಡಿತಗಳಲ್ಲಿ ನಾದವನ್ನು 204.8 ಮಿಲಿಸೆಕೆಂಡು ತಡೆಯುತ್ತದೆ. ತಡೆ ದೀರ್ಘವಾಗಬೇಕಾದರೆ ಗಡಿಯಾರ ನಿಧಾನವಾಗಬೇಕು; ಗಡಿಯಾರ ನಿಧಾನವಾದಷ್ಟೂ ನಾದದ ಕಾಂತಿ ಕುಂದುತ್ತದೆ.

ತದನಂತರ ಅಂಕಯಂತ್ರಗಳ ಕಾಲ ಬಂದಿತು. ಸ್ಮೃತಿಕೋಶಗಳು ದುಬಾರಿಯಾಗಿದ್ದುದರಿಂದ ವೇಗದಲ್ಲಿ ಮಿತವ್ಯಯ ಅನಿವಾರ್ಯವಾಯಿತು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ವೇಗ 44,100. 1987ರ ಇ-ಮು ಎಸ್‌ಪಿ-1200 ಯಂತ್ರದ್ದು ಸುಮಾರು 26,000. ಬಡತನದಿಂದ ಬಂದ ಆ ಒರಟುತನವನ್ನೇ ಹಿಪ್‌ಹಾಪ್ ಸಂಗೀತಗಾರರು ಗುಣವೆಂದು ಮೆಚ್ಚಿಕೊಂಡರು.

ಈ ಮೆಚ್ಚುಗೆ ನಮ್ಮ ತಂಬೂರಿಗೆ ಸಲ್ಲುವುದೆ? ಸಿ. ವಿ. ರಾಮನ್ 1921ರಲ್ಲಿ ತೋರಿಸಿಕೊಟ್ಟಂತೆ, ತಂಬೂರಿ ಮತ್ತು ವೀಣೆಗಳ ಬಾಗಿದ ಕುದುರೆಯಿಂದಾಗಿ, ಮೀಟಿದ ಸ್ಥಾನದ ದೆಸೆಯಿಂದ ಲುಪ್ತವಾಗಬೇಕಾದ ಉಪಸ್ವರಗಳೂ ಕೇಳಿಬರುತ್ತವೆ. ಎತ್ತರದ ಉಪಸ್ವರಗಳ ಈ ಸಮೃದ್ಧಿಯೇ ತಂಬೂರಿಯ ಜೀವ; ಮಾದರಿವೇಗ ತಗ್ಗಿದಾಗ ಮೊದಲು ಕೆಡುವುದೂ ಅದೇ. ಷಡ್ಜ 200 ಕಂಪನಗಳದೆಂದೂ ಮಾದರಿವೇಗ 7,900 ಎಂದೂ ಇಟ್ಟುಕೊಳ್ಳೋಣ. ಷಡ್ಜದ 25ನೆಯ ಉಪಸ್ವರ 5,000. ಅದು 7,900ರಿಂದ ಕಳೆದು 2,900 ಆಗಿ ಕೇಳುತ್ತದೆ. ಇದು ಷಡ್ಜದ 14½ ಪಟ್ಟು, ಎಂದರೆ ಉಪಸ್ವರಗಳ ಶ್ರೇಣಿಗೆ ಹೊರಗು. ಸಂಗೀತದ ಭಾಷೆಯಲ್ಲಿ ಅಪಸ್ವರ. ವೇಗವನ್ನು 8,400ಕ್ಕೆ ಇರಿಸಿದರೆ ಅದೇ ಉಪಸ್ವರವು 3,400 ಆಗುತ್ತದೆ, ಅದು ಷಡ್ಜದ 17 ಪಟ್ಟು. 8,400 ಎಂಬುದು 100ರ ಮಂದ್ರಷಡ್ಜಕ್ಕೂ 150ರ ಪಂಚಮಕ್ಕೂ ಪೂರ್ಣಾಂಕ ಗುಣಿತವೇ ಆದುದರಿಂದ ಆ ತಂತಿಗಳ ಛದ್ಮಸ್ವರಗಳೂ ಆಯಾ ತಂತಿಯ ಶ್ರೇಣಿಯಲ್ಲಿಯೇ ಬೀಳುತ್ತವೆ.

ಆದಕಾರಣ ಗಡಿಯಾರವನ್ನೂ ಒಂದು ತಂತಿಯೆಂದೇ ತಿಳಿದು ಶ್ರುತಿಗೂಡಿಸಬೇಕು. ಗಾಯಕರಿಂದ ಗಾಯಕರಿಗೆ ಷಡ್ಜ ಬದಲಾಗುವ ನಮ್ಮ ಪದ್ಧತಿಯಲ್ಲಿ ಸ್ಥಿರವೇಗದ ಯಂತ್ರಕ್ಕೆ ಇದು ಸಾಧ್ಯವಾಗದು. ವೋಲ್ಟೇಜಿನಿಂದ ವೇಗವನ್ನು ಸೂಕ್ಷ್ಮವಾಗಿ ಏರಿಳಿಸಬಲ್ಲ ಹಳೆಯ ಕೆಪಾಸಿಟರ್ ಮಂಡಲಕ್ಕೆ ಇದು ಸಹಜ. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದಂದಿನಿಂದ ಶ್ರುತಿಯಂತ್ರಗಳು ನಮ್ಮ ಸಂಗೀತಗಾರರ ನಿತ್ಯಸಂಗಾತಿಗಳಾಗಿವೆ. ಇಂಥ ವಾದ್ಯಗಳ ನಾದವನ್ನು ಹೊಸ ಪರಿಣಾಮಗಳಿಗೆ ಒಳಪಡಿಸುವ ವಿದ್ಯಾರ್ಥಿಗಳು ಮಾದರಿವೇಗವನ್ನು ಆರಿಸುವ ಮೊದಲು ಷಡ್ಜ ಪಂಚಮಗಳನ್ನು ಗಣಿಸಿಕೊಳ್ಳುವುದು ಯುಕ್ತ. ಒರಟುತನ ದೋಷವೋ ಗುಣವೋ ಎಂಬುದನ್ನು ಶ್ರುತಿಯೊಡನೆ ಅದಕ್ಕಿರುವ ಸಂಬಂಧವೇ ನಿರ್ಣಯಿಸುತ್ತದೆ.